ಮುರಿದ ತೊಡೆಮೂಳೆ, 55,000 ರೂಪಾಯಿಯ ಅಂದಾಜು: ಶಿರಸಿ ಸೀಮೆಯ ಒಂದು ಪ್ರಕರಣ

ಶಿರಸಿ–ಕುಮಟಾ ರಸ್ತೆಯ ಪಕ್ಕದ ಒಂದು ಊರು. ಜುಲೈ ತಿಂಗಳ ಕೊನೆಯ ಶನಿವಾರ ಸಂಜೆ, ಜಡಿಮಳೆ. ಮೂರು ವರ್ಷದ, ಹದಿನೆಂಟು ಕಿಲೋ ತೂಕದ ಹೆಣ್ಣು ನಾಯಿ ರಸ್ತೆ ದಾಟುವಾಗ ಗೂಡ್ಸ್ ರಿಕ್ಷಾ ಬಡಿಯಿತು. ಬಲ ಹಿಂಗಾಲು ನೇತಾಡುತ್ತಿತ್ತು. ಜಾತಿ ನಾಯಿಯಲ್ಲ, ಊರ ನಾಯಿಯೇ. ತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ಅಟ್ಟಿಕೊಂಡು ಮನೆಯವರ ಜೊತೆ ಬೆಳೆದದ್ದು. ಮನೆಯಲ್ಲಿ ಗಂಡ, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು, ವಯಸ್ಸಾದ ಅತ್ತೆ. ಒಂದೂಕಾಲು ಎಕರೆ ಅಡಿಕೆ ತೋಟವೇ ಆಧಾರ.

ಈ ಭಾಗದ ಮನೆಗಳಲ್ಲಿ ಪದೇ ಪದೇ ಎದುರಾಗುವ ಸಂಗತಿಗಳನ್ನು ಒಂದು ಮನೆಯ ಸುತ್ತ ಹೆಣೆದ ಮಾದರಿ ಪ್ರಕರಣ ಇದು. ಇಲ್ಲಿರುವ ಮೊತ್ತಗಳು ಲೆಕ್ಕ ಹೇಗೆ ಹಾಕಬೇಕೆಂದು ತೋರಿಸುವುದಕ್ಕೆ; ಯಾವ ಆಸ್ಪತ್ರೆಯ ದರಪಟ್ಟಿಯೂ ಅಲ್ಲ.

ಜುಲೈ–ಆಗಸ್ಟ್ ಅಡಿಕೆ ಮನೆಯ ಕೈ ಖಾಲಿಯಾಗಿರುವ ಕಾಲ. ಇದ್ದ ಚಾಲಿ, ಅಂದರೆ ಒಣಗಿಸಿದ ಅಡಿಕೆ, ಮೇ ತಿಂಗಳಲ್ಲೇ ಶಾಲೆಯ ಖರ್ಚಿಗೆಂದು ಮಾರಿ ಆಗಿತ್ತು. ಹೊಸ ಕೊಯ್ಲಿಗೆ ಇನ್ನೂ ಮೂರ್ನಾಲ್ಕು ತಿಂಗಳು. ಕೊಳೆ ರೋಗಕ್ಕೆ ಎರಡನೇ ಸಲದ ಬೋರ್ಡೋ ಮದ್ದು ಹೊಡೆಸಬೇಕಿತ್ತು. ಮೈಲುತುತ್ತ, ಸುಣ್ಣ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಕೂಲಿ ತಪ್ಪಿಸುವಂತಿರಲಿಲ್ಲ. ದಾಸ್ತಾನು ಇದ್ದಿದ್ದರೆ ಸೊಸೈಟಿಯಲ್ಲಿ ಅಡಿಕೆ ಇಟ್ಟು ಮುಂಗಡ ತರಬಹುದಿತ್ತು, ಅದೂ ಇರಲಿಲ್ಲ. ಮನೆಯಲ್ಲಿ ತಕ್ಷಣಕ್ಕೆ ತೆಗೆಯಬಹುದಾದದ್ದು 6,000 ರೂಪಾಯಿ.

ಮೊದಲ ಎರಡು ದಿನ

ತೊಡೆಮೂಳೆ ಮುರಿದ ನಾಯಿಗೆ ಅದೇ ರಾತ್ರಿ ಆಪರೇಷನ್ ಆಗಲೇಬೇಕೆಂದಿಲ್ಲ. ಮೂಳೆ ಚರ್ಮ ಹರಿದು ಹೊರಗೆ ಬಂದಿದ್ದರೆ ಮಾತು ಬೇರೆ. ಹಣ ಹೊಂದಿಸುವವರಿಗೆ ಇದು ಮೊದಲು ಗೊತ್ತಿರಬೇಕು, ಏಕೆಂದರೆ ಗಾಬರಿಯಲ್ಲಿ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ಸಾಲ ಎತ್ತುವುದು ಆ ಮೊದಲ ರಾತ್ರಿಯೇ. ಆ ಹೊತ್ತಿಗೆ ಜೀವ ತೆಗೆಯುವುದು ಕಾಲಲ್ಲ, ಎದೆ ಮತ್ತು ಹೊಟ್ಟೆ. ಒಸಡು ಬೆಳ್ಳಗಾಗಿದೆಯೇ, ಉಸಿರು ಏದುತ್ತಿದೆಯೇ, ಮೂತ್ರ ಹೋಯಿತೇ, ಹೊಟ್ಟೆ ಉಬ್ಬುತ್ತಿದೆಯೇ ಎಂದು ನೋಡಬೇಕು. ಇದರಲ್ಲಿ ಒಂದು ಕೆಟ್ಟರೂ ರಾತ್ರಿಯೇ ವೈದ್ಯರ ಹತ್ತಿರ ಹೋಗಬೇಕು. ಈ ನಾಯಿಯ ಒಸಡು ಸ್ವಲ್ಪ ಪೇಲವವಾಗಿತ್ತು, ಉಸಿರು ಸರಿಯಿತ್ತು, ರಾತ್ರಿ ಹತ್ತಕ್ಕೆ ಮಲಗಿದಲ್ಲೇ ಮೂತ್ರ ಮಾಡಿತು. ತಾಲೂಕಿನ ಪಶುವೈದ್ಯರು ಗ್ಲೂಕೋಸ್ ಏರಿಸಿ ನೋವಿಗೆ ಮೆಲೋಕ್ಸಿಕಾಮ್ ಇಂಜೆಕ್ಷನ್ ಕೊಟ್ಟರು.

ಎತ್ತಿ ಸಾಗಿಸಲು ಹಳೆಯ ಕದದ ಹಲಗೆ, ಮೇಲೊಂದು ಕಂಬಳಿ. ನೋವಿನಲ್ಲಿರುವ ನಾಯಿ ಅನ್ನ ಹಾಕಿದ ಕೈಯನ್ನೂ ಕಚ್ಚುತ್ತದೆ, ಹಾಗಾಗಿ ಬಾಯಿಗೆ ಬಟ್ಟೆಯ ಪಟ್ಟಿ ಸುತ್ತಬೇಕು. ವಾಂತಿ ಮಾಡುತ್ತಿದ್ದರೆ ಅಥವಾ ಉಸಿರಾಟಕ್ಕೆ ಕಷ್ಟವಿದ್ದರೆ ಸುತ್ತಬಾರದು.

ಪಕ್ಕದ ಮನೆಯವರು ಬಿದಿರ ದಬ್ಬೆ ಕಟ್ಟಲು ಬಂದಿದ್ದರು. ಪ್ರೀತಿಯಿಂದಲೇ ಬಂದವರು, ಆದರೆ ತೊಡೆಮೂಳೆಗೆ ದಬ್ಬೆ ಕಟ್ಟಬಾರದು. ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಅಲ್ಲಾಡದಂತೆ ಹಿಡಿದರೆ ಮಾತ್ರ ದಬ್ಬೆಯಿಂದ ಉಪಯೋಗ. ತೊಡೆಯ ಮೇಲಿನ ಕೀಲು ಸೊಂಟದಲ್ಲಿದೆ, ಅದನ್ನು ಪಟ್ಟಿ ಹಿಡಿಯಲಾರದು. ಆಗ ದಬ್ಬೆಯ ಭಾರವೆಲ್ಲ ಮುರಿದ ಕಡೆಯೇ ಜೋತುಬಿದ್ದು, ಮೂಳೆಯ ಚೂಪು ತುದಿ ಮಾಂಸವನ್ನು ಸೀಳುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ನಾಲ್ಕು ಅಡಿಗೆ ಐದು ಅಡಿ ಜಾಗ ಕಟ್ಟಿ, ಗೋಣಿಯ ಮೇಲೆ ಹಳೆ ಕಂಬಳಿ ಹಾಸಿ ಮಲಗಿಸಿದರೆ ಅದೇ ಸರಿಯಾದ ಪ್ರಥಮ ಚಿಕಿತ್ಸೆ.

ಮನುಷ್ಯರ ನೋವಿನ ಮಾತ್ರೆ ಕೊಡಲೇಬಾರದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಹಾಳುಮಾಡುತ್ತವೆ; ಬೆಕ್ಕಿಗೆ ಒಂದೇ ಪ್ಯಾರಾಸಿಟಮಾಲ್ ಸಾಕು ಸಾಯಲು. ಹತ್ತು ರೂಪಾಯಿಯ ಮಾತ್ರೆ ಹತ್ತು ಸಾವಿರದ ಖರ್ಚು ತಂದಿಡುತ್ತದೆ.

ಸೋಮವಾರ ಶಿರಸಿಯಲ್ಲಿ ತೊಡೆಯ ಎಕ್ಸ್‌ರೇ ಎರಡು ಕೋನಗಳಿಂದ, ಎದೆಯದ್ದು ಒಂದು. ಎದೆ ಸರಿಯಿತ್ತು. ಮೂಳೆ ನಡುಭಾಗದಲ್ಲಿ ಓರೆಯಾಗಿ ಮುರಿದು, ಒಂದು ತುಂಡು ಪ್ರತ್ಯೇಕವಾಗಿತ್ತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 62,000 ಬಂತು. ನಾಯಿಗೆ ಎರಡು ಲಕ್ಷದ ಮೇಲಿರಬೇಕು. ಕಿಟ್ ಪರೀಕ್ಷೆ ಎರ್ಲಿಕಿಯಾ ತೋರಿಸಿತು, ಅಂದರೆ ಉಣುಗಿನ ಜ್ವರ. ಮಲೆನಾಡಿನ ತೋಟ, ಬೆಟ್ಟ ತಿರುಗುವ ನಾಯಿಗಳಲ್ಲಿ ಇದು ಹೊರಗೆ ಕಾಣದೆಯೇ ಇರುತ್ತದೆ. ತಿಳಿಯದೆ ಮೇಜಿನ ಮೇಲೆ ಮಲಗಿಸಿದ್ದರೆ ರಕ್ತ ನಿಲ್ಲದೆ ನಾಯಿಯೂ ಹಣವೂ ಎರಡೂ ಹೋಗುತ್ತಿದ್ದವು. ವೈದ್ಯರು ಡಾಕ್ಸಿಸೈಕ್ಲಿನ್ ಶುರುಮಾಡಿದರು: ದಿನಕ್ಕೆ ಕಿಲೋಗೆ 10 ಮಿ.ಗ್ರಾಂ. ಲೆಕ್ಕ, 28 ದಿನ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಮೆಲೋಕ್ಸಿಕಾಮ್ ಬೇಡವೆಂದು ನೋವಿಗೆ ಬೇರೆ ಔಷಧ ಬದಲಿಸಿದರು. ಶನಿವಾರ ಮತ್ತೆ ರಕ್ತ ನೋಡಿ ಆಪರೇಷನ್ ತೀರ್ಮಾನ.

ಹೀಗೆ ಮನೆಯವರಿಗೆ ಐದು ದಿನ ಸಿಕ್ಕಿತು. ವಾರ, ಹತ್ತು ದಿನ ಮೀರಿದರೆ ತೊಡೆಯ ಸ್ನಾಯು ಸೆಳೆದು ಗಟ್ಟಿಯಾಗಿ, ಮೂಳೆಯ ತುದಿಗಳು ಒಂದರ ಮೇಲೊಂದು ಏರಿ ಅಂಟಿಕೊಳ್ಳಲು ಶುರುವಾಗುತ್ತವೆ. ಆಮೇಲೆ ಕೂಡಿಸುವುದು ಕಷ್ಟ, ಅರಿವಳಿಕೆಯ ಹೊತ್ತೂ ಹೆಚ್ಚು.

ಅಂದಾಜನ್ನು ಬಿಡಿಸುವುದು

ಎಕ್ಸ್‌ರೇಯ ಫೋಟೋ ನೋಡಿ ಹುಬ್ಬಳ್ಳಿ ಕಡೆಯ ಖಾಸಗಿ ಆಸ್ಪತ್ರೆಯೊಂದು ಫೋನಿನಲ್ಲಿ ಹೇಳಿದ್ದು 55,000. ಹೆಚ್ಚಿನವರು ಇಲ್ಲಿಂದ ನೇರವಾಗಿ ಸಾಲ ಹುಡುಕಲು ಹೊರಡುತ್ತಾರೆ. ಈ ಪ್ರಕರಣ ಬೇರೆ ದಾರಿ ಹಿಡಿದದ್ದು ಇಲ್ಲೇ. ಒಂದೇ ಅಂಕಿಯನ್ನು ಎದುರಿಗಿಟ್ಟುಕೊಂಡರೆ ಹೆದರಿಕೆ ಬಿಟ್ಟು ಬೇರೆ ದಾರಿ ಇಲ್ಲ. ಅದನ್ನು ಎಂಟು ತುಂಡು ಮಾಡಿದರೆ ಯಾವುದನ್ನು ಬಿಡಬಹುದು, ಯಾವುದನ್ನು ಊರಲ್ಲೇ ಮಾಡಿಸಬಹುದು, ಯಾವುದಕ್ಕೆ ಯಾರನ್ನು ಕೇಳಬಹುದು ಎಂದು ಕಾಣತೊಡಗುತ್ತದೆ.

ಮಂಗಳವಾರ ಬೆಳಿಗ್ಗೆ ಮನೆಯಾಕೆ ಮಗಳ ನೋಟ್‌ಬುಕ್ಕು ಹಿಡಿದು ಜಗುಲಿಯಲ್ಲಿ ಕೂತು ಮತ್ತೆ ಫೋನು ಮಾಡಿದರು.

"ಡಾಕ್ಟ್ರೇ, ಐವತ್ತೈದು ಅಂದ್ರಲ್ಲ, ಅದರಲ್ಲಿ ಏನೇನು ಬಂತು ಅಂತ ಬಿಡಿಸಿ ಹೇಳ್ತೀರಾ? ಬರ್ಕೊಳ್ತೇನೆ."

"ಕಡಿಮೆ ಮಾಡಿ ಅಂತ ಕೇಳೋದಾದ್ರೆ ಅಮ್ಮ…"

"ಅಲ್ಲ ಸರ್. ಎಕ್ಸ್‌ರೇ, ರಕ್ತ ಎಲ್ಲ ಇಲ್ಲೇ ಮಾಡ್ಸಿದ್ದೇವೆ. ಅದು ಮತ್ತೆ ಬೇಕಾ ಅಂತ ಗೊತ್ತಾಗ್ಬೇಕಿತ್ತು."

ಚೌಕಾಶಿ ಅಲ್ಲ ಎಂದು ತಿಳಿದ ಕೂಡಲೇ ವೈದ್ಯರ ದನಿ ಬದಲಾಯಿತು, ಸಮಾಧಾನವಾಗಿ ಬರೆಸಿದರು. ನೋಟ್‌ಬುಕ್ಕಿನಲ್ಲಿ ಬಂದದ್ದು: ತಪಾಸಣೆ, ಎಕ್ಸ್‌ರೇ 3,500, ರಕ್ತ ಪರೀಕ್ಷೆ 3,000, ಅರಿವಳಿಕೆ 8,000, ಸರ್ಜನ್ ಶುಲ್ಕ 18,000, ಪ್ಲೇಟು, ಸ್ಕ್ರೂ 9,500, ಥಿಯೇಟರ್ ಮತ್ತು ಅಲ್ಲಿ ಖರ್ಚಾಗುವ ಸಾಮಾನು 5,000, ಮೂರು ದಿನ ಒಳರೋಗಿಯಾಗಿ 4,500, ಔಷಧ 3,500.

ಆಮೇಲೆ ಒಂದೊಂದೇ ಪ್ರಶ್ನೆ. ಎಕ್ಸ್‌ರೇ, ರಕ್ತದ ವರದಿ ವಾರದೊಳಗಿನದ್ದೇ ಇರುವುದರಿಂದ ಮರುಮಾಡಬೇಕಿಲ್ಲ; 6,500 ಹೋಯಿತು. ಪ್ಲೇಟು ಯಾವುದು ಎಂದು ಕೇಳಿದ್ದಕ್ಕೆ ಸ್ಕ್ರೂ ಪ್ಲೇಟಿಗೇ ಬಿಗಿದು ಕೂರುವ ಲಾಕಿಂಗ್ ಪ್ಲೇಟಿನ ದರ ಹಿಡಿದದ್ದೆಂದು ತಿಳಿಯಿತು. ಈ ತೂಕದ, ಎಳೆ ವಯಸ್ಸಿನ ಗಟ್ಟಿ ಮೂಳೆಗೆ ದೇಶೀ ತಯಾರಿಕೆಯ 3.5 ಎಂ.ಎಂ. ಸಾದಾ ಸ್ಟೀಲ್ ಪ್ಲೇಟು ಸಾಕಾಗುತ್ತದೆ, ಮನುಷ್ಯರ ಕೈಮೂಳೆಗೆ ಹಾಕುವಂಥದ್ದೇ. ಅದು ಸ್ಕ್ರೂ ಸೇರಿ 5,600. ಮೂರು ದಿನ ಅಲ್ಲಿರಲೇಬೇಕೆ? ಶಿರಸಿಯಲ್ಲಿ ಡ್ರೆಸ್ಸಿಂಗ್ ನೋಡಿಕೊಳ್ಳುವ ವೈದ್ಯರಿದ್ದರೆ ಒಂದು ರಾತ್ರಿ ಸಾಕು, 3,000 ಉಳಿಯಿತು. ಯಾರ ಶುಲ್ಕವನ್ನೂ ತಗ್ಗಿಸಿ ಎನ್ನದೆ 55,000 ಇದ್ದದ್ದು 41,600ಕ್ಕೆ ಬಂತು.

ಯಾವುದನ್ನು ಕಡಿಮೆ ಮಾಡಬಾರದು ಎಂಬುದೂ ಅಷ್ಟೇ ಮುಖ್ಯ. ಅರಿವಳಿಕೆ, ಆಪರೇಷನ್ ಹೊತ್ತಿನ ನೋವಿನ ಔಷಧ, ಎದೆಯ ಎಕ್ಸ್‌ರೇ, ಪ್ಲೇಟ್‌ಲೆಟ್ ಎಣಿಕೆ, ಇವಕ್ಕೆ ಕತ್ತರಿ ಹಾಕಿದರೆ ಉಳಿಯುವುದು ಮೂರ್ನಾಲ್ಕು ಸಾವಿರ, ಅಪಾಯ ಪೂರ್ತಿ ನಾಯಿಯದ್ದು. ಪ್ಲೇಟಿನ ಬದಲು ಮೂಳೆಯೊಳಗೆ ಒಂದೇ ಪಿನ್ನು ತೂರಿಸುವುದು ಅಗ್ಗ. ಊರಲ್ಲಿ "ರಾಡ್ ಹಾಕೋದು" ಅನ್ನುತ್ತಾರೆ. ಅಡ್ಡಕ್ಕೆ ನೀಟಾಗಿ ಮುರಿದ, ಹಗುರ ನಾಯಿಗೆ ಕೆಲವೊಮ್ಮೆ ಅದು ಸರಿ. ಆದರೆ ಒಂಟಿ ಪಿನ್ನು ಮೂಳೆ ತಿರುಚುವುದನ್ನು ತಡೆಯುವುದಿಲ್ಲ, ತುಂಡು ಬಿಟ್ಟ ಓರೆ ಮುರಿತ ಕುಸಿಯುತ್ತದೆ, ಪಿನ್ನು ಮೇಲಕ್ಕೆ ಜರುಗಿ ಬರುತ್ತದೆ. ಆಗ ಎರಡನೇ ಆಪರೇಷನ್, ಎರಡನೇ ಬಿಲ್ಲು. ಈ ಎಕ್ಸ್‌ರೇಗೆ ಪಿನ್ನು ಬೇಡ ಎಂದು ಇಬ್ಬರು ವೈದ್ಯರೂ ಹೇಳಿದರು.

ಕಾಲು ತೆಗೆಸುವ ಮಾತನ್ನೂ ಆಗಲೇ ಆಡಿ ಮುಗಿಸಿದ್ದು ಈ ಮನೆಯವರ ದೊಡ್ಡ ಧೈರ್ಯ. ಪ್ಲೇಟಿಲ್ಲ, ಆರು ವಾರದ ಕಾವಲಿಲ್ಲ, ಖರ್ಚು ಬಹಳ ಕಡಿಮೆ. ಹದಿನೆಂಟು ಕಿಲೋ ನಾಯಿ ಮೂರು ಕಾಲಲ್ಲಿ ಕೆಲವೇ ವಾರಗಳಲ್ಲಿ ಓಡಾಡುತ್ತದೆ, ಅದಕ್ಕೆ ನಾಚಿಕೆಯೂ ಇಲ್ಲ, ಕೊರಗೂ ಇಲ್ಲ. ಏನೂ ಮಾಡಿಸದೆ "ತಾನಾಗಿ ಕೂಡುತ್ತೆ" ಎಂದು ಬಿಡುವುದೇ ಎಲ್ಲಕ್ಕಿಂತ ಕೆಟ್ಟದ್ದು: ತೊಡೆಮೂಳೆ ಸೊಟ್ಟಗೆ ಕೂಡಿ ಜೀವಮಾನದ ನೋವಾಗುತ್ತದೆ. ಮನೆಯವರು ಗಡುವು ಬರೆದಿಟ್ಟರು: ಗುರುವಾರ ಸಂಜೆ ಆರಕ್ಕೆ ಹಣ ಆಗದಿದ್ದರೆ ಕಾಲು ತೆಗೆಸುವುದು. ಅತ್ತೆಗೆ ಇದು ಒಪ್ಪಿಗೆಯಾಗಲು ಒಂದು ರಾತ್ರಿ ಬೇಕಾಯಿತು.

ಎಲ್ಲಿ ಮಾಡಿಸುವುದು

41,600 ಕೂಡ ಈ ಮನೆಗೆ ಹೊರೆಯೇ. ಮುಂದಿನ ದಾರಿ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಅದು. ಕಾಲೇಜು ಆಸ್ಪತ್ರೆಯಲ್ಲಿ ಅಧ್ಯಾಪಕರೇ ಸರ್ಜನ್, ಅವರ ಸಂಬಳ ಸರ್ಕಾರದ್ದು, ಕಲಿಯುವ ವಿದ್ಯಾರ್ಥಿಗಳು ಜೊತೆಗಿರುತ್ತಾರೆ. ಹಾಗಾಗಿ 18,000ದ ಸರ್ಜನ್ ಶುಲ್ಕ ಎಂಬ ತುಂಡೇ ಹೆಚ್ಚುಕಡಿಮೆ ಕರಗುತ್ತದೆ. ಪ್ಲೇಟು, ಕೆಲವು ಔಷಧ, ಹೊಲಿಗೆ ದಾರ ಇಂಥವನ್ನು ನಾವೇ ತರಬೇಕಾಗುತ್ತದೆ. ಕಾಯುವುದೂ ಇರುತ್ತದೆ. ಹೊರಡುವ ಮೊದಲು ಫೋನಿನಲ್ಲಿ ಕೇಳಬೇಕಾದದ್ದು: ಮೂಳೆ ಆಪರೇಷನ್ ಯಾವ ದಿನ, ಸರ್ಜನ್ ಆ ವಾರ ಇರುತ್ತಾರೆಯೇ, ಪ್ಲೇಟಿನ ಅಳತೆ ಯಾವುದು ತರಬೇಕು, ರಾತ್ರಿ ಉಳಿಸಿಕೊಳ್ಳುತ್ತಾರೆಯೇ. ಶಿರಸಿಯ ವೈದ್ಯರು ಒಂದು ಪುಟದ ರೆಫರಲ್ ಚೀಟಿ ಬರೆದು, ಎಕ್ಸ್‌ರೇ ಕಳಿಸಿ, ತಾವೇ ಮಾತಾಡಿದರು. ಆ ಒಂದು ಚೀಟಿ ಸರತಿಯಲ್ಲಿ ಅರ್ಧ ದಿನ ಉಳಿಸಿತು.

ಜಿಲ್ಲೆಯ ಬೇರೆ ಮೂಲೆಗಳಿಗೆ ದಾರಿ ಬೇರೆ. ಕಾರವಾರದವರಿಗೆ ಗೋವಾ ಹತ್ತಿರ. ಭಟ್ಕಳ, ಹೊನ್ನಾವರದವರು ಉಡುಪಿ–ಮಂಗಳೂರು ಕಡೆ ವಿಚಾರಿಸುವುದು ಲೇಸು. ಹಳಿಯಾಳ, ಮುಂಡಗೋಡ, ಯಲ್ಲಾಪುರಕ್ಕೆ ಹುಬ್ಬಳ್ಳಿ–ಧಾರವಾಡ. ಮಳೆಗಾಲದಲ್ಲಿ ಘಟ್ಟದ ರಸ್ತೆ ತೆರೆದಿದೆಯೇ ಎಂದು ಹಿಂದಿನ ಸಂಜೆಯೇ ಕೇಳಿಕೊಳ್ಳಬೇಕು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ, ಆದರೆ ಅದು ಮುಖ್ಯವಾಗಿ ರೈತರ ದನಕರುಗಳಿಗೆ. ಪ್ರಥಮ ಚಿಕಿತ್ಸೆಗೆ ನೆರವಾದೀತು, ಮೂಳೆಗೆ ಪ್ಲೇಟು ಹಾಕುವ ಕೆಲಸ ಅದರದ್ದಲ್ಲ.

ಸಾಗಾಟ, ಇಬ್ಬರ ಊಟ–ವಸತಿ, ಆಮೇಲಿನ ಔಷಧ ಎಲ್ಲ ಸೇರಿ ಶಿವಮೊಗ್ಗದ ಅಂದಾಜು ಸುಮಾರು 30,000 ಆಯಿತು.

ಬಾಗಿಲು ತಟ್ಟಿ ದಿನ ಕಳೆಯುವ ಜಾಗಗಳು

ಗಂಡನ ತಮ್ಮ ಸೋಮವಾರ ಇಡೀ ದಿನ ಪೊಲೀಸ್ ದೂರಿನ ಹಿಂದೆ ಹೋದರು. ಸಿಟ್ಟು ಸಹಜ. ಆದರೆ 2022ರಲ್ಲಿ ಕರ್ನಾಟಕ ಹೈಕೋರ್ಟ್, ವಾಹನ ಬಡಿದು ಸಾಕುನಾಯಿ ಸತ್ತ ಪ್ರಕರಣವೊಂದರಲ್ಲಿ, ಅಜಾಗರೂಕ ಚಾಲನೆಯ ಕಲಂ ಮನುಷ್ಯರಿಗೆ ಆಗುವ ಅಪಾಯಕ್ಕೆ ಸಂಬಂಧಿಸಿದ್ದೆಂದು ಹೇಳಿ ಚಾಲಕನ ಮೇಲಿನ ಮೊಕದ್ದಮೆ ರದ್ದುಮಾಡಿದೆ. ಬೇಕೆಂದೇ ಕೊಂದರೆ, ಅಂಗಹೀನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ. ಮಳೆಯಲ್ಲಿ ಕಾಣದೆ ಬಡಿದದ್ದಕ್ಕೆ ಅದು ಹೊಂದುವುದಿಲ್ಲ. ಪರಿಹಾರದ ದಾವೆ ಹೂಡಿದರೂ ಈ ವಾರದ ಆಪರೇಷನ್ನಿಗೆ ಆ ಹಣ ಬರುವುದಿಲ್ಲ. ಕೊನೆಗೆ ಊರಿನ ಹಿರಿಯರೊಬ್ಬರು ರಿಕ್ಷಾದವನನ್ನು ಕೂರಿಸಿ ಮಾತಾಡಿದರು. ಅವನೂ ದುಡಿದು ತಿನ್ನುವವನೇ. 2,000 ಕೊಟ್ಟ, "ಇದಕ್ಕೆ ಮುಂದೆ ಏನೂ ಬಾಕಿಯಿಲ್ಲ" ಎಂದು ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿದರು.

ವಿಮೆ ಈಗ ಮಾಡಿಸಿ ಈ ಗಾಯಕ್ಕೆ ಪಡೆಯಲು ಬರುವುದಿಲ್ಲ. ನಾಯಿಗಳಿಗೆ ವಿಮೆ ಇದೆ, ಹಲವು ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತವೆ. ಆದರೆ ಪಾಲಿಸಿಗೆ ಮೊದಲೇ ಇದ್ದ ಗಾಯ, ಕಾಯಿಲೆ ಅದರಲ್ಲಿ ಸೇರುವುದಿಲ್ಲ, ಸೇರುವ ವಯಸ್ಸಿಗೂ ಮಿತಿಯಿದೆ. ಹಸು ಎಮ್ಮೆಗಳ ಜಾನುವಾರು ವಿಮೆಯಲ್ಲಿ ನಾಯಿಗೆ ಜಾಗವಿಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿಯ ವೈದ್ಯಕೀಯ ನೆರವು ಮನುಷ್ಯರಿಗೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಬಂದದ್ದು. ಅದರ ಅನುದಾನ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಹೋಗುತ್ತದೆ, ಒಂದು ಮನೆಯ ಅರ್ಜಿಗೆ ಅಲ್ಲ. ಹತ್ತು ನಿಮಿಷದಲ್ಲಿ ಸಾಲ ಎನ್ನುವ ಮೊಬೈಲ್ ಆ್ಯಪ್‌ಗಳ ಹತ್ತಿರ ಸುಳಿಯಲೇಬಾರದು: ಕೈಗೆ ಬರುವ ಮೊದಲೇ ಶುಲ್ಕ ಮುರಿದು, ಕಂತು ತಪ್ಪಿದ ದಿನ ನಿಮ್ಮ ಫೋನಿನಲ್ಲಿರುವ ಎಲ್ಲರಿಗೂ ಕರೆ ಹೋಗುವಂಥವು ಅವುಗಳಲ್ಲಿವೆ.

ಹಣ ಬಂದ ದಾರಿಗಳು

ಮನೆಯಾಕೆ ಇದ್ದ ಸ್ವಸಹಾಯ ಸಂಘದ ವಾರದ ಸಭೆ ಮಂಗಳವಾರ ಸಂಜೆ. ಆಂತರಿಕ ಸಾಲ 10,000 ಕೇಳಿದರು. ಒಬ್ಬರು ಕೇಳಿಯೇ ಬಿಟ್ಟರು, "ಅಲ್ದೇ, ನಾಯಿಗೆ ಸಾಲವಾ? ನಾಳೆ ಸತ್ತರೆ ಕಟ್ಟೋದು ಯಾರು?"

ಉತ್ತರ ಕೊಟ್ಟದ್ದು ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಸದಸ್ಯೆ. "ಸಾಲ ನಾಯಿಗಲ್ಲ ಅಕ್ಕಾ, ಅವಳಿಗೆ. ಐದು ವರ್ಷದಲ್ಲಿ ಒಂದು ಕಂತು ತಪ್ಪಿಸಿದ್ದಾಳಾ ನೋಡಿ."

ಪುಸ್ತಕ ತೆಗೆದು ನೋಡಿದರು. ತಪ್ಪಿಸಿರಲಿಲ್ಲ. ನಡಾವಳಿಯಲ್ಲಿ ಉದ್ದೇಶ "ಸಾಕುಪ್ರಾಣಿ ಚಿಕಿತ್ಸೆ" ಎಂದೇ ಬರೆದರು. ತೋಟದ ಖರ್ಚು ಎಂದು ಸುಳ್ಳು ಬರೆಸದಿದ್ದದ್ದು ಒಳ್ಳೆಯದಾಯಿತು, ಆಮೇಲೆ ಯಾರೂ ಬೆರಳು ತೋರಿಸುವಂತಿಲ್ಲ. ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ, ಇಳಿಯುವ ಬಾಕಿಯ ಮೇಲೆ, ಅಸಲು ವಾರಕ್ಕೆ 500ರಂತೆ ಇಪ್ಪತ್ತು ವಾರ. ಒಟ್ಟು ಬಡ್ಡಿ ಸುಮಾರು 250 ರೂಪಾಯಿ. ಅದೇ 10,000ವನ್ನು ನೂರಕ್ಕೆ ಮೂರರಂತೆ ಕೈಗಡ ತಂದು ಐದು ತಿಂಗಳ ನಂತರ ತೀರಿಸಿದ್ದರೆ ಬಡ್ಡಿಯೇ 1,500. ಸಂಘ ಒಪ್ಪದಿದ್ದರೆ ಇರಲೆಂದು ಸೇವಾ ಸಹಕಾರಿ ಸಂಘದಲ್ಲಿ ಬಂಗಾರದ ಅಡವಿಗೂ ಕೇಳಿಟ್ಟಿದ್ದರು. ವರ್ಷಕ್ಕೆ ನೂರಕ್ಕೆ ಹನ್ನೆರಡಾದರೆ 10,000ಕ್ಕೆ ತಿಂಗಳಿಗೆ 100. ಅದೂ ಕೆಟ್ಟ ದಾರಿಯಲ್ಲ. ಅಸಲು ಒಮ್ಮೆಗೇ ಕಟ್ಟುವ ಶಿಸ್ತು ಬೇಕು, ಅಷ್ಟೇ.

ಉಳಿದದ್ದು 12,000. ಭಾನುವಾರವೇ ಮಗಳು ವಾಟ್ಸಾಪಿನಲ್ಲಿ ರಕ್ತದ ಕಾಲಿನ ಫೋಟೋ ಹಾಕಿ "ದಯವಿಟ್ಟು ಸಹಾಯ ಮಾಡಿ, ಎಲ್ಲರಿಗೂ ಶೇರ್ ಮಾಡಿ" ಎಂದು ಬರೆದಿದ್ದಳು. ಬಂದದ್ದು 1,300. ಓದಿದವರಿಗೆ ಎಷ್ಟು ಬೇಕು, ಯಾವಾಗ ಬೇಕು, ತಮ್ಮ ನೂರು ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲಿಲ್ಲ. ಆ ಫೋಟೋವನ್ನು ಹಲವರು ಪೂರ್ತಿ ನೋಡಲೇ ಇಲ್ಲ, ಸರಿಸಿಬಿಟ್ಟರು. ಬುಧವಾರ ಬರೆದ ಎರಡನೆಯದು ಹೀಗಿತ್ತು:

"ನಮಸ್ಕಾರ. ನಮ್ಮ ಮನೆಯ ನಾಯಿಗೆ ಶನಿವಾರ ರಿಕ್ಷಾ ಬಡಿದು ಬಲ ತೊಡೆಮೂಳೆ ಮುರಿದಿದೆ. ಶಿವಮೊಗ್ಗದಲ್ಲಿ ಪ್ಲೇಟು ಹಾಕಿಸಬೇಕು. ಒಟ್ಟು ಅಂದಾಜು 30,000. ನಮ್ಮ ಕೈಯಿಂದ 6,000, ರಿಕ್ಷಾದವರು ಕೊಟ್ಟದ್ದು 2,000, ಸಂಘದ ಸಾಲ 10,000. ಇನ್ನು 12,000 ಬೇಕು, ಅದರಲ್ಲಿ 1,300 ಬಂದಿದೆ. ನಾಳೆ ಸಂಜೆ ಆರರೊಳಗೆ ಆಗದಿದ್ದರೆ ಕಾಲು ತೆಗೆಸುತ್ತೇವೆ. ಬಂದ ಹಣ ಅದಕ್ಕೇ ಬಳಕೆಯಾಗುತ್ತದೆ. ಎಕ್ಸ್‌ರೇ, ಅಂದಾಜುಪಟ್ಟಿ ಕೆಳಗಿವೆ. ಮೊತ್ತ ತುಂಬಿದ ಕೂಡಲೇ ಇಲ್ಲೇ ತಿಳಿಸಿ ನಿಲ್ಲಿಸುತ್ತೇವೆ."

ಕೆಳಗೆ ಎಕ್ಸ್‌ರೇ, ನೋಟ್‌ಬುಕ್ಕಿನ ಪುಟ, ಕಂಬಳಿಯ ಮೇಲೆ ತಲೆಯೆತ್ತಿ ಕೂತ ನಾಯಿಯ ಫೋಟೋ. ಅದನ್ನು ದೊಡ್ಡ ಗುಂಪುಗಳಿಗೆ ಎಸೆಯಲಿಲ್ಲ. ಪರಿಚಯದ ನಲವತ್ತು ಜನರಿಗೆ ಒಬ್ಬೊಬ್ಬರಿಗೇ ಕಳಿಸಿದರು, ಬೆಂಗಳೂರಲ್ಲಿ ಕೆಲಸದಲ್ಲಿರುವ ನೆಂಟರ ಮಕ್ಕಳಿಗೆ ಮೊದಲು. ಗುರುವಾರ ಮಧ್ಯಾಹ್ನದೊಳಗೆ 7,900 ಬಂತು. ಹಣ ಬಂದ ಖಾತೆ ಮನೆಯಾಕೆಯದ್ದು, ಸಂದೇಶದ ಕೆಳಗಿದ್ದ ಹೆಸರೂ ಅದೇ. ಬೇರೆಯವರ ಕ್ಯೂಆರ್ ಕೋಡ್ ಹಾಕಿದರೆ ಕಳಿಸುವವರಿಗೆ ಬೇರೆ ಹೆಸರು ಕಂಡು ಅನುಮಾನ ಬರುತ್ತದೆ, ಅದು ನ್ಯಾಯವೇ. ಇನ್ನೊಂದು ತಿಳಿದಿರಲಿ: ಸಂಬಂಧಿಗಳಲ್ಲದವರಿಂದ ಒಂದು ವರ್ಷದಲ್ಲಿ ಬಂದ ಕೊಡುಗೆ ಒಟ್ಟು 50,000 ಮೀರಿದರೆ ಅದಷ್ಟೂ ಆದಾಯವೆಂದೇ ತೆರಿಗೆಗೆ ಲೆಕ್ಕ. ಒಂದು, ಒಂದೂವರೆ ಲಕ್ಷದ ಆಪರೇಷನ್ನಾದರೆ ಆನ್‌ಲೈನಿನಲ್ಲಿ ಜನರಿಂದ ಹಣ ಕೂಡಿಸುವ ಮಿಲಾಪ್, ಕೆಟ್ಟೋದಂಥ ತಾಣಗಳಿವೆ. ಅಲ್ಲಿ ಗುರುತಿನ ಚೀಟಿ, ಆಸ್ಪತ್ರೆಯ ಕಾಗದ ಪರಿಶೀಲನೆಯಾಗಿ ಹಣ ಕೈಗೆ ಬರಲು ಹೊತ್ತು ಬೇಕು. ಒಂದೇ ದಿನದಲ್ಲಿ 12,000 ಆಗಬೇಕಾದಾಗ ಅದು ದಾರಿಯಲ್ಲ.

ಪ್ರಾಣಿ ದಯೆಯ ಕೆಲಸ ಮಾಡುವ ಗೆಳೆಯರ ಬಳಗವೊಂದಕ್ಕೂ ಕೇಳಿದ್ದರು. ಇಂಥವರ ಕೈಯಲ್ಲಿರುವ ಹಣ ಮೊದಲು ಬೀದಿ ನಾಯಿಗಳಿಗೆ ಹೋಗುತ್ತದೆ, ಹೋಗಬೇಕಾದದ್ದೂ ಹಾಗೆಯೇ. "30,000 ಕೊಡಿ" ಎಂದು ಮನೆ ನಾಯಿಯವರು ಕೇಳಿದರೆ ಆಗುವುದಿಲ್ಲ ಎನ್ನುವುದು ಖಚಿತ. ಇವರು ಕೇಳಿದ್ದು ಒಂದೇ ತುಂಡು: "ಪ್ಲೇಟಿನ ಬಿಲ್ಲು 5,600. ಅದರಲ್ಲಿ ಎಷ್ಟಾದರೂ ನೀವೇ ಅಂಗಡಿಗೆ ಕಟ್ಟಬಹುದೇ?" ಬಳಗ 3,000ವನ್ನು ನೇರ ಅಂಗಡಿಗೆ ಹಾಕಿತು, ಅಷ್ಟಕ್ಕೆ ತಮ್ಮ ಹೆಸರಿನ ರಸೀದಿ ಪಡೆಯಿತು. ಗುರುವಾರ ಸಂಜೆ ನಾಲ್ಕಕ್ಕೆ "ಮೊತ್ತ ತುಂಬಿತು, ಇನ್ನು ಕಳಿಸಬೇಡಿ" ಎಂದು ಮಗಳು ಬರೆದಳು.

ಶಿವಮೊಗ್ಗದಲ್ಲಿ

ಶನಿವಾರದ ರಕ್ತದಲ್ಲಿ ಪ್ಲೇಟ್‌ಲೆಟ್ 1,30,000. ಪೂರ್ತಿ ಸರಿಯಾಗಿರದಿದ್ದರೂ ಆಪರೇಷನ್ನಿಗೆ ಅಷ್ಟು ಸಾಕೆಂದರು ವೈದ್ಯರು. ಸೋಮವಾರ ನಸುಕಿಗೆ, ಸಾಮಾನು ತರಲು ಶಿವಮೊಗ್ಗಕ್ಕೆ ಹೋಗುವ ಪರಿಚಯದ ಅಂಗಡಿಯವರ ಪಿಕಪ್ಪಿನಲ್ಲಿ ಹಿಂದೆ ತಾಡಪಾಲು ಕಟ್ಟಿ ಹೊರಟರು. ಹೋಗುವ ಖರ್ಚು ಡೀಸೆಲ್ಲಿನ ಪಾಲಷ್ಟೇ. ಬರುವಾಗ ಮತ್ತು ಆರು ವಾರದ ತಪಾಸಣೆಗೆ ಬಾಡಿಗೆ ಓಮ್ನಿ.

ಸಾಗರದ ಹತ್ತಿರ ಒಂದು ತಪ್ಪಾಯಿತು. ನಾಯಿ ಹಸಿದು ಕುಂಯ್‌ಗುಡುತ್ತಿದೆ ಎಂದು ಅತ್ತೆ ಕಟ್ಟಿಕೊಟ್ಟಿದ್ದ ಮೊಸರನ್ನವನ್ನು ಗಂಡ ಎರಡು ತುತ್ತು ಹಾಕಿದರು. ಅರಿವಳಿಕೆಯಲ್ಲಿ ಗಂಟಲಿನ ಹಿಡಿತ ಸಡಿಲವಾಗಿ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಉಳಿಸುವುದು ಕಷ್ಟ. ಅದಕ್ಕೇ ಗಟ್ಟಿ ಆಹಾರ ಎಂಟರಿಂದ ಹನ್ನೆರಡು ತಾಸು ಮೊದಲೇ ನಿಲ್ಲಬೇಕು. ಕೇಳಿದಾಗ ಗಂಡ ಮುಚ್ಚಿಡದೆ ಹೇಳಿದರು, ಅದು ನಾಯಿಯನ್ನು ಉಳಿಸಿತು. ಆಪರೇಷನ್ ಮಂಗಳವಾರಕ್ಕೆ ಹೋಯಿತು, ಒಂದು ರಾತ್ರಿಯ ವಸತಿ 900 ಹೆಚ್ಚಾಯಿತು. ಬಡಿದ ದಿನದಿಂದ ಹತ್ತನೇ ದಿನ ಅದು. ಸ್ನಾಯು ಸೆಳೆದುಕೊಂಡಿದ್ದರಿಂದ ಮೂಳೆ ಹೊಂದಿಸಲು ಹೆಚ್ಚು ಹೊತ್ತು ಹಿಡಿಯಿತು, ಆದರೂ ಎಂಟು ತೂತಿನ ಪ್ಲೇಟು ಸರಿಯಾಗಿ ಕೂತಿತು.

ಮನೆಗೆ ಬಂದ ಮೇಲೆ ಕೊಟ್ಟಿಗೆಯ ಅದೇ ಮೂಲೆ, ಕೊರಳಿಗೆ ಪ್ಲಾಸ್ಟಿಕ್ ಕಾಲರ್. ಹನ್ನೆರಡನೇ ದಿನ ಹೊಲಿಗೆ ಬಿಚ್ಚಿಸಿದ್ದು ಶಿರಸಿಯಲ್ಲೇ. ಅದಕ್ಕಾಗಿ ಶಿವಮೊಗ್ಗಕ್ಕೆ ಹೋಗಿದ್ದರೆ ಬಾಡಿಗೆಯೇ ಸಾವಿರಾರು. ಮೂರನೇ ವಾರ ನಾಯಿ ಕಾಲೂರಿತು. ಇದೇ ಅಪಾಯದ ಹೊತ್ತು. ನೋವು ಹೋಗಿರುತ್ತದೆ, ಮೂಳೆ ಕೂಡಿರುವುದಿಲ್ಲ, ಮಂಗ ಕಂಡರೆ ಜಿಗಿಯುತ್ತದೆ. ಸ್ಕ್ರೂ ಕಿತ್ತು ಬಂದರೆ ಕೂಡಿಸಿದ ಹಣವೆಲ್ಲ ನೀರುಪಾಲು. ಆರು ವಾರದ ಎಕ್ಸ್‌ರೇ ಆಗುವವರೆಗೂ ಹಗ್ಗದಲ್ಲಿ ಹಿಡಿದೇ ಅಂಗಳಕ್ಕೆ ಬಿಟ್ಟರು. ಉಣುಗಿಗೆ ವೈದ್ಯರು ಬರೆದ ಮಾತ್ರೆ ಹಾಕಿ, ಕೊಟ್ಟಿಗೆಯ ಸಂದಿಗೊಂದಿಗಳನ್ನೂ ತೊಳೆದರು. ಉಣುಗು ಉಳಿದರೆ ಜ್ವರ ಮತ್ತೆ ಬರುತ್ತದೆ.

ಲೆಕ್ಕ

ಸೆಪ್ಟೆಂಬರ್ ಮಧ್ಯದಲ್ಲಿ, ಕೊನೆಯ ಎಕ್ಸ್‌ರೇ ಆದ ಸಂಜೆ, ಹಣ ಕೊಟ್ಟ ಪ್ರತಿಯೊಬ್ಬರಿಗೂ ಹೋದ ಪುಟ ಇದು. ಶಿರಸಿಯ ಮೊದಲ ಚಿಕಿತ್ಸೆ, ಎಕ್ಸ್‌ರೇ 2,100. ಎರಡು ಸಲದ ರಕ್ತ ಪರೀಕ್ಷೆ, ಕಿಟ್, ಡಾಕ್ಸಿಸೈಕ್ಲಿನ್ 3,200. ಪ್ಲೇಟು, ಸ್ಕ್ರೂ 5,600. ಆಸ್ಪತ್ರೆ ಶುಲ್ಕ, ಅರಿವಳಿಕೆ, ಹೊರಗಿನಿಂದ ತಂದ ಔಷಧ, ಸಾಮಾನು 9,400. ಸಾಗಾಟ 5,700. ವಸತಿ, ಊಟ 1,800. ಕಾಲರ್, ಆಮೇಲಿನ ಔಷಧ, ಕೊನೆಯ ಎಕ್ಸ್‌ರೇ 2,400. ಒಟ್ಟು 30,200. ಬಂದದ್ದು: ಮನೆಯಿಂದ 6,000, ರಿಕ್ಷಾದವರಿಂದ 2,000, ನೆಂಟರು–ಪರಿಚಯದವರಿಂದ 9,200, ಬಳಗದಿಂದ 3,000, ಸಂಘದ ಸಾಲ 10,000. ಜೊತೆಗೆ ಎರಡು ಎಕ್ಸ್‌ರೇ: ಮುರಿದದ್ದು, ಕೂಡಿದ್ದು.

ಪ್ಲೇಟನ್ನು ತೆಗೆಸಬೇಕೆ ಎಂದು ಹಲವರು ಕೇಳಿದರು. ಸೋಂಕು, ಸ್ಕ್ರೂ ಸಡಿಲವಾಗುವುದು, ಚಳಿಗೆ ಕುಂಟುವುದು ಇಂಥ ತೊಂದರೆ ಕಾಣದಿದ್ದರೆ ಅದು ಒಳಗೇ ಇರಬಹುದು. ಹಾಗಾಗಿ ಎರಡನೇ ಆಪರೇಷನ್ನಿಗೆ ಈಗಲೇ ಹಣ ಎತ್ತಿಡಬೇಕಿಲ್ಲ. ಸಂಘದ ಕೊನೆಯ ಕಂತು ಡಿಸೆಂಬರಿನಲ್ಲಿ, ಹೊಸ ಅಡಿಕೆ ಅಂಗಳಕ್ಕೆ ಬರುವ ಹೊತ್ತಿಗೆ.